ಹಾಡು ಬರೆಯುವ ಹುಡುಗಿಗೆ

ಪುಟ್ಟಿ, ನಿನ್ನ ಫೋನಿನಲ್ಲಿ ಈಗ ಹಗಲೂ ರಾತ್ರಿ ಕಂಟ್ರಿ ಹಾಡುಗಳೇ. ಸಂತೋಷ. ಆದರೆ ಡಾಲಿ ಪಾರ್ಟನ್ ಅಂದಕೂಡಲೇ ನಿಮಗೆಲ್ಲ ನೆನಪಾಗುವುದು ಮಿನುಗುವ ಉಡುಪು, ಎತ್ತರದ ವಿಗ್ಗು. ನಾನು ಹೇಳಹೊರಟಿರುವುದು ಆಕೆ ಇನ್ನೂ ಯಾರೂ ಅಲ್ಲದಿದ್ದ ಕಾಲದ ಮಾತು.

ಟೆನೆಸ್ಸಿಯ ಗುಡ್ಡಗಾಡಿನಲ್ಲಿ ಹನ್ನೆರಡು ಮಕ್ಕಳ ಬಡ ಸಂಸಾರ. 1946ರಲ್ಲಿ ಹುಟ್ಟಿದ ಈಕೆ ನಾಲ್ಕನೆಯವಳು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಅಪ್ಪ ಕೊಟ್ಟದ್ದು ದುಡ್ಡಲ್ಲ, ಒಂದು ಚೀಲ ಮೆಕ್ಕೆಜೋಳದ ಹಿಟ್ಟು. ಹತ್ತು ವರ್ಷಕ್ಕೆಲ್ಲ ನಾಕ್ಸ್‌ವಿಲ್‌ನಲ್ಲಿ ರೇಡಿಯೊಗೆ ಹಾಡತೊಡಗಿದಳು. 1964ರಲ್ಲಿ ಹೈಸ್ಕೂಲು ಮುಗಿದ ಮರುದಿನವೇ ನ್ಯಾಶ್‌ವಿಲ್‌ಗೆ ಬಸ್ಸು ಹತ್ತಿದಳು. ಮುಗಿದ ಮರುದಿನ, ಮುಗಿಯುವ ಮೊದಲಲ್ಲ. ನಿನ್ನ ಕೊನೆಯ ಸೆಮಿಸ್ಟರಿನ ಬಗ್ಗೆ ಇದಕ್ಕಿಂತ ಹೆಚ್ಚು ನಾನೇನೂ ಹೇಳುವುದಿಲ್ಲ.

ಅಲ್ಲಿ ಯಾರೂ ಹಾರ ಹಿಡಿದು ಕಾಯುತ್ತಿರಲಿಲ್ಲ. ಮಾನ್ಯುಮೆಂಟ್ ಎಂಬ ರೆಕಾರ್ಡ್ ಕಂಪನಿ ಒಪ್ಪಂದವನ್ನೇನೋ ಮಾಡಿಕೊಂಡಿತು, ಆದರೆ ಈ ದನಿ ಕಂಟ್ರಿಗೆ ಒಗ್ಗದು ಎಂದು ಪಾಪ್ ಹಾಡಿಸಿತು. ಅವು ಓಡಲಿಲ್ಲ. ಅಷ್ಟರಲ್ಲಿ ಸೋದರಮಾವ ಬಿಲ್ ಓವೆನ್ಸ್ ಜೊತೆ ಸೇರಿ ಬರೆದ ಹಾಡೊಂದನ್ನು 1966ರಲ್ಲಿ ಬಿಲ್ ಫಿಲಿಪ್ಸ್ ಹಾಡಿದ. ಅದು ಕಂಟ್ರಿ ಪಟ್ಟಿಯ ಮೊದಲ ಹತ್ತರೊಳಗೆ ಬಂತು. ಆಮೇಲೇ ಕಂಪನಿ ಆಕೆಗೆ ಕಂಟ್ರಿ ಹಾಡಲು ಬಿಟ್ಟದ್ದು. ನಿನ್ನ ಹಾಡನ್ನು ಬೇರೆಯವರು ಹಾಡುತ್ತೇನೆಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತೀಯಲ್ಲ, ಅದಕ್ಕೇ ಇದನ್ನು ಹೇಳಿದೆ.

1967ರಲ್ಲಿ ಪೋರ್ಟರ್ ವ್ಯಾಗನರ್ ಅವರ ಟಿವಿ ಕಾರ್ಯಕ್ರಮಕ್ಕೆ ಸೇರಿದಳು. ಮೊದಮೊದಲು ಜನ, ಹಿಂದೆ ಅಲ್ಲಿ ಹಾಡುತ್ತಿದ್ದ ನಾರ್ಮಾ ಜೀನ್‌ಳೇ ಬೇಕೆಂದು ಕೂಗುತ್ತಿದ್ದರಂತೆ. ಸಹಿಸಿಕೊಂಡು ಹಾಡಿದಳು. ವ್ಯಾಗನರ್ ಜೊತೆ ಊರೂರು ತಿರುಗುವ ಬಸ್ಸಿನಲ್ಲೇ, ಅಮ್ಮ ಚಿಂದಿ ಬಟ್ಟೆ ಜೋಡಿಸಿ ಹೊಲಿದುಕೊಟ್ಟ ಕೋಟಿನ ಮೇಲೆ ಹಾಡು ಹುಟ್ಟಿತು. ಕಾಗದ ಸಿಗದೆ ಡ್ರೈಕ್ಲೀನಿಂಗ್ ರಸೀದಿಯ ಮೇಲೆ ಗೀಚಿದಳು. ‘ಕೋಟ್ ಆಫ್ ಮೆನಿ ಕಲರ್ಸ್’ 1971ರಲ್ಲಿ ಹೊರಬಂತು. ನೀನು ಮೈಕು, ಸಾಫ್ಟ್‌ವೇರು ಕೊಂಡ ಮೇಲೆ ಬರೆಯುತ್ತೇನೆ ಅನ್ನುತ್ತಿದ್ದೀಯ!

ಮುಖ್ಯ ವಿಷಯ ಇನ್ನು ಮುಂದಿದೆ. ವ್ಯಾಗನರ್ ಅವರನ್ನು ಬಿಟ್ಟು ಹೊರಡುವಾಗ ಆಕೆ ಬರೆದ ಹಾಡು ‘ಐ ವಿಲ್ ಆಲ್ವೇಸ್ ಲವ್ ಯೂ’. 1974ರಲ್ಲಿ ಕಂಟ್ರಿ ಪಟ್ಟಿಯ ತುದಿಗೇರಿತು. ಎಲ್ವಿಸ್ ಪ್ರೀಸ್ಲಿ ಅದನ್ನು ಹಾಡುತ್ತೇನೆಂದ. ಆದರೆ ಅವನ ಮ್ಯಾನೇಜರ್ ಕರ್ನಲ್ ಪಾರ್ಕರ್, ಹಾಡಿನ ಪ್ರಕಾಶನದ ಹಕ್ಕಿನಲ್ಲಿ ಅರ್ಧ ಕೊಡಬೇಕೆಂದ. ಎಲ್ವಿಸ್ ಬಾಯಲ್ಲಿ ತನ್ನ ಹಾಡು! ಆಕೆ ಅತ್ತಳು, ಆದರೆ ಕೊಡಲಿಲ್ಲ. 1992ರಲ್ಲಿ ವಿಟ್ನಿ ಹೂಸ್ಟನ್ ಅದೇ ಹಾಡನ್ನು ಸಿನಿಮಾಕ್ಕೆ ಹಾಡಿದಾಗ ಅಮೆರಿಕದಲ್ಲಿ ಅದು 14 ವಾರ ಮೊದಲ ಸ್ಥಾನದಲ್ಲಿತ್ತು. ಹಕ್ಕು ಡಾಲಿಯ ಬಳಿಯೇ ಇತ್ತು.

ಹಾಗಂತ ಇದನ್ನು ಬರೀ ಧೈರ್ಯದ ಕಥೆ ಅಂದುಕೊಳ್ಳಬೇಡ. ಆಗ ಆಕೆಗೆ ಹೆಸರಿತ್ತು, ಹಾಡು ಅದಾಗಲೇ ಗೆದ್ದಿತ್ತು. ಹೊಸಬರಿಗೆ ‘ಇಲ್ಲ’ ಅನ್ನುವ ತ್ರಾಣ ಎಲ್ಲಿಂದ ಬರಬೇಕು? ಅದಕ್ಕೇ ಕಾನೂನು ಇರುವುದು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಯಿತು. ಸಿನಿಮಾಕ್ಕೆ ಬರೆದ ಹಾಡೇ ಆದರೂ, ಚಿತ್ರಮಂದಿರದಾಚೆ ಅದು ಬಳಕೆಯಾದಾಗ ಬರುವ ರಾಯಧನದಲ್ಲಿ ಬರೆದವರಿಗೆ ಸಮಪಾಲು ಇದೆ. ಆ ಪಾಲನ್ನು ಕಂಪನಿಗೆ ಬಿಟ್ಟುಕೊಟ್ಟೆ ಎಂದು ಸಹಿ ಹಾಕಿಸಿಕೊಂಡರೂ ಆ ಮಾತು ಊರ್ಜಿತವಲ್ಲ. ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಎಂಬ ಸಂಸ್ಥೆಯಿದೆ. ಸದಸ್ಯರ ಹಾಡಿನ ರಾಯಧನ ವಸೂಲು ಮಾಡಿ ಹಂಚುವುದು ಅದರ ಕೆಲಸ. ಸದಸ್ಯಳಾಗು.

ಯಾರಾದರೂ ನಾಳೆ ಕರಾರುಪತ್ರ ತಂದು ಮುಂದಿಟ್ಟರೆ ಖುಷಿಪಡು, ಕಾಫಿ ಕೊಡು. ಪೆನ್ನು ಮಾತ್ರ ತೆಗೆಯಬೇಡ. ಆ ಕಾಗದವನ್ನು ಮೊದಲು ಒಬ್ಬ ವಕೀಲರಿಗೆ ತೋರಿಸು. ಅವರ ಫೀಸು ನಾನು ಕೊಡುತ್ತೇನೆ.