ಸೈನಸ್ ಎತ್ತುವ ಕೆಲಸದಲ್ಲಿ ಕಲಿತದ್ದು

ದಾವಣಗೆರೆಯಲ್ಲಿ ಬಿಡಿಎಸ್ ಓದಿ, ಕೆಲವು ವರ್ಷ ಅಲ್ಲೇ ಕ್ಲಿನಿಕ್ ನಡೆಸಿ, ಮದುವೆಯಾದ ಮೇಲೆ ಸ್ವೀಡನ್ನಿಗೆ ಬಂದವಳು ನಾನು. ಯುರೋಪಿಯನ್ ಒಕ್ಕೂಟದ ಹೊರಗೆ ಓದಿದವರಿಗೆ ಇಲ್ಲಿ ಲೈಸೆನ್ಸ್ ಸುಲಭಕ್ಕೆ ಸಿಗುವುದಿಲ್ಲ. ಸ್ವೀಡಿಷ್ ಕಲಿಯಬೇಕು, ಪರೀಕ್ಷೆ ಪಾಸಾಗಬೇಕು, ಹಿರಿಯರ ಮೇಲ್ವಿಚಾರಣೆಯಲ್ಲಿ ದುಡಿಯಬೇಕು. ಅದನ್ನೆಲ್ಲ ಮುಗಿಸಿ ಇಂಪ್ಲಾಂಟ್ ಕೆಲಸಕ್ಕೆ ಇಳಿದೆ. ಮೇಲ್ದವಡೆಯ ಹಿಂಭಾಗದಲ್ಲಿ ಕೆಲಸ ಮಾಡುತ್ತ ತಪ್ಪಿದ್ದನ್ನೂ ತಿದ್ದಿಕೊಂಡದ್ದನ್ನೂ ಇಲ್ಲಿ ಬರೆದಿದ್ದೇನೆ. ಹಲ್ಲು ಹಾಕಿಸಿಕೊಳ್ಳಲು ಹೊರಟವರಿಗೂ ಈ ಕೆಲಸ ಕಲಿಯುತ್ತಿರುವ ಕಿರಿಯರಿಗೂ ಉಪಯೋಗವಾದೀತು.

1. ಹಲ್ಲು ಕಿತ್ತ ದಿನವೇ ಮೂಳೆಯ ಮಾತಾಡಬೇಕು.

ಮೇಲ್ದವಡೆಯ ಹಿಂದಿನ ಹಲ್ಲುಗಳ ಬೇರಿಗೆ ತಾಗಿದಂತೆ ಮೇಲೆ ಗಾಳಿ ತುಂಬಿದ ಒಂದು ಪೊಳ್ಳು ಇದೆ. ಅದೇ ಮ್ಯಾಕ್ಸಿಲರಿ ಸೈನಸ್. ಹಲ್ಲು ಹೋದ ಮೇಲೆ ಕೆಳಗಿನಿಂದ ಮೂಳೆ ಕರಗುತ್ತದೆ, ಮೇಲಿನಿಂದ ಸೈನಸ್ ಕೆಳಕ್ಕೆ ಇಳಿಯುತ್ತದೆ. ನಡುವೆ ಕೆಲವರಿಗೆ ಮೂರು-ನಾಲ್ಕು ಮಿಲಿಮೀಟರ್ ಮೂಳೆ ಉಳಿದರೆ ಹೆಚ್ಚು. ಅಷ್ಟರಲ್ಲಿ ಹತ್ತು ಮಿಲಿಮೀಟರಿನ ಇಂಪ್ಲಾಂಟ್, ಅಂದರೆ ಹೊಸ ಹಲ್ಲಿಗೆ ಬೇರಾಗುವ ಟೈಟೇನಿಯಂ ಸ್ಕ್ರೂ, ನಿಲ್ಲುವುದು ಹೇಗೆ? ಸೈನಸ್ಸಿನ ತಳದ ಪೊರೆಯನ್ನು ಮೇಲಕ್ಕೆತ್ತಿ, ಅದರಡಿಯಲ್ಲಿ ಮೂಳೆ ಬೆಳೆಯಲು ಜಾಗ ಮಾಡಿಕೊಡುವುದೇ ಸೈನಸ್ ಲಿಫ್ಟ್.

ದಾವಣಗೆರೆಯಲ್ಲಿ ನಾನು ದವಡೆಹಲ್ಲು ಕಿತ್ತು, ಹತ್ತಿ ಕಚ್ಚಿಸಿ, ಮಾತ್ರೆ ಬರೆದು ಕಳಿಸುತ್ತಿದ್ದೆ. ಮುಂದೆ ಆ ಜಾಗಕ್ಕೆ ಏನು ಮಾಡುತ್ತೀರಿ ಎಂದು ಯಾರನ್ನೂ ಕೇಳಿದ್ದಿಲ್ಲ. ಹೀಗೆ ಎಲ್ಲೋ ಹಲ್ಲು ಕೀಳಿಸಿಕೊಂಡು ಹತ್ತಾರು ವರ್ಷ ಬಿಟ್ಟವರು ಇಲ್ಲಿ ನನ್ನ ಮುಂದೆ ಬಂದು ಕೂತಾಗ, ಎಕ್ಸ್‌ರೇಯಲ್ಲಿ ನಾನೇ ಹೇಳದೆ ಬಿಟ್ಟ ಮಾತು ಕಾಣುತ್ತಿತ್ತು. ಈಗ ಇಕ್ಕಳ ಕೈಗೆತ್ತಿಕೊಳ್ಳುವ ಮೊದಲೇ ಆ ಮಾತು ಮುಗಿಸುತ್ತೇನೆ.

2. ಮೊದಲು ಮೂಗಿನ ಕಥೆ, ಆಮೇಲೆ ಹಲ್ಲಿನದು.

ಸ್ವೀಡನ್ನಿನಲ್ಲಿ ಏಪ್ರಿಲ್-ಮೇ ಬಂತೆಂದರೆ ಬರ್ಚ್ ಮರದ ಪರಾಗ. ನಮ್ಮ ಕಡೆಯಿಂದ ಬಂದವರಿಗೆ ಮೊದಲ ಒಂದೆರಡು ವರ್ಷ ಏನೂ ಅನಿಸುವುದಿಲ್ಲ. ಆಮೇಲೆ ಕೆಲವರಿಗೆ ಕಣ್ಣು ಕೆಂಪು, ಮೂಗು ಸೋರುವುದು, ಸೀನು. ಇದು ಗೊತ್ತಿದ್ದೂ ಒಬ್ಬರಿಗೆ ಏಪ್ರಿಲ್ ಕೊನೆಯಲ್ಲಿ ಆಪರೇಷನ್‌ಗೆ ದಿನ ಕೊಟ್ಟೆ. ಹೊಲಿಗೆ ಬಿಚ್ಚಲು ಬಂದಾಗ ಒಂದು ಕೆನ್ನೆ ಊದಿಕೊಂಡಿತ್ತು. ವಾರವಿಡೀ ಬಾಯಿ ಮುಚ್ಚಿಕೊಂಡು ಸೀನಿದ್ದರು. ಸೀನಿನ ಒತ್ತಡ ನೇರ ಸೈನಸ್ಸಿಗೆ ಹೋಗುತ್ತದೆ, ಎತ್ತಿದ ಪೊರೆಯನ್ನು ತಳ್ಳುತ್ತದೆ. ಅಲರ್ಜಿ ಇದೆಯೇ ಎಂದು ನಾನು ಕೇಳಿದ್ದು ಔಷಧಿಯ ಅಲರ್ಜಿಯನ್ನು ಮಾತ್ರ.

ಈಗ ಕೇಳುವ ಪ್ರಶ್ನೆಗಳು ಬೇರೆ. ಶೀತ ಎಷ್ಟು ದಿನ ಇರುತ್ತದೆ? ತಲೆ ಬಗ್ಗಿಸಿದರೆ ಕೆನ್ನೆ ಭಾರವಾಗುತ್ತದೆಯೇ? ಒಂದೇ ಹೊಳ್ಳೆಯಿಂದ ಸೋರುತ್ತದೆಯೇ? ಸ್ಕ್ಯಾನಿನಲ್ಲಿ ಪೊರೆ ದಪ್ಪಗಾಗಿ ಕಂಡರೆ ಮೊದಲು ಇಎನ್‌ಟಿ ವೈದ್ಯರ ಬಳಿಗೆ. ಪರಾಗದ ಕಾಲ ಮುಗಿದ ಮೇಲೆ ಆಪರೇಷನ್.

3. ಪೊರೆ ಹರಿದಾಗ ಕೈ ನಿಲ್ಲಬೇಕು.

ಈ ಕೆಲಸದ ಪ್ರಾಣವೆಲ್ಲ ಆ ಪೊರೆಯಲ್ಲೇ ಇದೆ. ಆರೋಗ್ಯವಾಗಿದ್ದರೆ ಒಂದು ಮಿಲಿಮೀಟರಿಗಿಂತಲೂ ತೆಳು. ಹಸಿ ಮೊಟ್ಟೆಯ ಚಿಪ್ಪನ್ನು ಕೊರೆದು, ಒಳಪೊರೆ ಹರಿಯದಂತೆ ಬಿಡಿಸಿ ಅಭ್ಯಾಸ ಮಾಡುವ ಪದ್ಧತಿ ಎಲ್ಲ ಕಡೆಯೂ ಇದೆ. ನಾನೂ ಅಡುಗೆಮನೆಯಲ್ಲಿ ಟ್ರೇಗಟ್ಟಲೆ ಮೊಟ್ಟೆ ಕೊರೆದಿದ್ದೇನೆ. ಆದರೆ ಮೊಟ್ಟೆ ಉಸಿರಾಡುವುದಿಲ್ಲ, ರಕ್ತ ಸುರಿಸುವುದಿಲ್ಲ.

ಕೆನ್ನೆಯ ಕಡೆಯಿಂದ ಒಸಡನ್ನು ಸರಿಸಿ, ಮೂಳೆಯನ್ನು ನಿಧಾನ ಸವೆಸುತ್ತ ಹೋದರೆ ಬಿಳಿಯ ನಡುವೆ ನೀಲಿ ಮಿಶ್ರಿತ ಬೂದುಬಣ್ಣ ಮೂಡುತ್ತದೆ. ಪೊರೆ ಬಂತು ಎಂದು ಅರ್ಥ. ಬಾಗಿದ ತುದಿಯ ಸಾಧನವನ್ನು ಮೂಳೆಗೆ ಒತ್ತಿಹಿಡಿದೇ ಜಾರಿಸಬೇಕು. ಬಿಡಿಸಿಕೊಂಡ ಪೊರೆ ರೋಗಿಯ ಉಸಿರಿನ ಜೊತೆ ಮೇಲೆ ಕೆಳಗೆ ಆಡುತ್ತದೆ. ಅದು ಆಡುವುದು ನಿಂತರೆ ಅನುಮಾನಪಡಬೇಕು.

ಶುರುವಿನ ವರ್ಷಗಳಲ್ಲಿ ಒಂದು ಕೇಸಿನಲ್ಲಿ ಸೈನಸ್ಸಿನೊಳಗೆ ಅಡ್ಡಗೋಡೆಯಂತೆ ಎದ್ದ ಸಣ್ಣ ಮೂಳೆಯ ಏಣು ಇತ್ತು. ಸ್ಕ್ಯಾನಿನಲ್ಲಿ ಕಂಡಿತ್ತು, ಆದರೂ ಅದರ ಮೇಲೆ ಅವಸರದಿಂದ ಕೈ ಓಡಿಸಿದೆ. ಪೊರೆ ಹರಿಯಿತು. ಸಣ್ಣ ತೂತಾದರೆ ಕೊಲಾಜೆನ್ ಹಾಳೆ ಹಾಸಿ ಮುಂದುವರಿಯಬಹುದು. ಇದು ಸಣ್ಣದಾಗಿರಲಿಲ್ಲ. ಅಷ್ಟು ದೂರ ಬಂದ ಮೇಲೆ ಬರಿಗೈಲಿ ಹೊಲಿಗೆ ಹಾಕಿ ಕಳಿಸಲು ಮನಸ್ಸಾಗದೆ, ಹಾಳೆ ಹಾಸಿ ಮೂಳೆಪುಡಿ ತುಂಬಿದೆ. ಕೆಲವು ವಾರಗಳಲ್ಲಿ ಆಕೆಯ ಮೂಗಿನಿಂದ ಹಳದಿ ಸ್ರಾವ, ಕೆಟ್ಟ ವಾಸನೆ. ಮೂಳೆಪುಡಿಯ ಹರಳುಗಳು ಸೈನಸ್ಸಿನೊಳಗೆ ಸೇರಿ ಸೋಂಕಾಗಿತ್ತು. ಹಿರಿಯ ಸಹೋದ್ಯೋಗಿಯೊಬ್ಬರು ಮತ್ತೆ ತೆರೆದು ಎಲ್ಲವನ್ನೂ ತೊಳೆದು ತೆಗೆದರು. ನಾನು ಪಕ್ಕದಲ್ಲಿ ಸಕ್ಷನ್ ಹಿಡಿದು ನಿಂತಿದ್ದೆ. ಆಕೆ ಅನುಭವಿಸಿದ ನೋವಿಗೆ ನನ್ನ ಅವಸರವಲ್ಲದೆ ಬೇರೆ ಕಾರಣವಿರಲಿಲ್ಲ.

ಪೊರೆ ದೊಡ್ಡದಾಗಿ ಹರಿದರೆ ಮುಚ್ಚಿ ಹೊರಬರಬೇಕು. ಕೆಲವು ತಿಂಗಳಲ್ಲಿ ಪೊರೆ ಕೂಡಿಕೊಳ್ಳುತ್ತದೆ, ಆಗ ಮತ್ತೆ ಪ್ರಯತ್ನಿಸಬಹುದು. ಈ ಸಾಧ್ಯತೆಯನ್ನು ಈಗ ಮೊದಲೇ ರೋಗಿಗೆ ಹೇಳಿರುತ್ತೇನೆ. ಹಾಗೆ ಹೇಳಿಟ್ಟರೆ ನಿಲ್ಲಿಸುವಾಗ ಕೈ ಹಿಂಜರಿಯುವುದಿಲ್ಲ.

4. ಏನು ತುಂಬುತ್ತೇವೆಂದು ಬಾಯಿಬಿಟ್ಟು ಹೇಳಬೇಕು.

ಜಗತ್ತಿನಲ್ಲಿ ಬಹಳ ಬಳಕೆಯಲ್ಲಿರುವ ಮೂಳೆಪುಡಿಗಳಲ್ಲೊಂದು ಸ್ವಿಟ್ಜರ್ಲೆಂಡಿನ ಬಯೋ-ಆಸ್. ಅದು ದನದ ಮೂಳೆಯಿಂದ ಜೈವಿಕ ಅಂಶವನ್ನೆಲ್ಲ ತೆಗೆದು ಉಳಿಸಿಕೊಂಡ ಖನಿಜ. ಮೇಲೆ ಹಾಸುವ ಕೊಲಾಜೆನ್ ಹಾಳೆ ಅನೇಕ ಸಲ ಹಂದಿಯದು. ವೈದ್ಯಕೀಯವಾಗಿ ಎರಡೂ ಒಳ್ಳೆಯ ಪದಾರ್ಥಗಳೇ.

ಧಾರವಾಡದ ಕಡೆಯ ಒಬ್ಬ ಹೆಣ್ಣುಮಗಳು, ಇಲ್ಲಿ ಎಂಜಿನಿಯರ್. ಎಲ್ಲ ಚೆನ್ನಾಗಿ ಆಗಿ, ಮೂಳೆಪುಡಿಯ ಪೆಟ್ಟಿಗೆಯ ಮೇಲಿನ ಸ್ಟಿಕ್ಕರ್ ಅಂಟಿಸಿದ ಕಾರ್ಡ್ ಕೈಗೆ ಕೊಟ್ಟೆ. ಮರುಭೇಟಿಯಲ್ಲಿ ಆಕೆ ಕೂತವಳೇ ಕೇಳಿದಳು: "ಡಾಕ್ಟ್ರೇ, ಇದು ಆಕಳ ಎಲುಬೇನ್ರೀ?" ಹೌದೆಂದೆ. "ನೀವರ ಹೇಳಬೇಕಿತ್ತಲ್ರೀ, ನೀವು ನಮ್ಮವರು." ನಾನು 'ಮೂಳೆಗೆ ಬದಲಿ ಪದಾರ್ಥ' ಎಂದಷ್ಟೇ ಹೇಳಿದ್ದೆ. ಸುಳ್ಳಲ್ಲ, ಆದರೆ ಆಕೆಗೆ ಬೇಕಾದ ಮಾತು ಅದಾಗಿರಲಿಲ್ಲ. ಮುಸ್ಲಿಂ, ಜೈನ, ಸಸ್ಯಾಹಾರಿ ಸ್ವೀಡಿಷರು, ಎಲ್ಲರಿಗೂ ಇದನ್ನು ತಿಳಿಯುವ ಹಕ್ಕಿದೆ.

ಬೇರೆ ದಾರಿಗಳಿವೆ. ದವಡೆಯ ಬೇರೆ ಕಡೆಯಿಂದ ತೆಗೆದ ಸ್ವಂತ ಮೂಳೆ, ಕೃತಕ ಹರಳು. ಇನ್ನೊಂದನ್ನು ತೋರಿಸಿದವರು ಇಲ್ಲಿಯವರೇ: ಉತ್ತರದ ಉಮೆಯೊ ನಗರದ ಸ್ಟೆಫಾನ್ ಲುಂಡ್‌ಗ್ರೆನ್ ಮತ್ತು ಸಂಗಡಿಗರು. ಪೊರೆಯನ್ನೆತ್ತಿ, ಇಂಪ್ಲಾಂಟನ್ನೇ ಡೇರೆಯ ಕಂಬದಂತೆ ನಿಲ್ಲಿಸಿ, ಅಡಿಯಲ್ಲಿ ಬರೀ ರಕ್ತ ಹೆಪ್ಪುಗಟ್ಟಲು ಬಿಟ್ಟರೂ ಹೊಸ ಮೂಳೆ ಹುಟ್ಟುತ್ತದೆಂದು 2004ರಲ್ಲಿ ಅವರು ಪ್ರಕಟಿಸಿದರು. ಇಂಪ್ಲಾಂಟ್ ಅಲುಗದೆ ನಿಲ್ಲುವಷ್ಟು ಮೂಳೆ ಮೊದಲೇ ಇರಬೇಕು, ಆದ್ದರಿಂದ ಎಲ್ಲರಿಗೂ ಒಗ್ಗುವುದಿಲ್ಲ. ಒಗ್ಗುವವರಿಗೆ ದನದ ಮಾತೇ ಬರುವುದಿಲ್ಲ.

5. ಮನೆಗೆ ಕಳಿಸುವ ಚೀಟಿ ಆಯಾ ಮನೆಗೆ ತಕ್ಕಂತಿರಬೇಕು.

ಮೂಗು ಸೀಟಬೇಡಿ, ಬಾಯಿ ತೆರೆದು ಸೀನಿ, ಸ್ಟ್ರಾ ಬೇಡ, ಸಿಗರೇಟು ಬೇಡ. ಅಚ್ಚಾದ ಚೀಟಿಯಲ್ಲಿ ಇಷ್ಟಿರುತ್ತದೆ. ಸ್ವೀಡಿಷರಿಗೆ ಸ್ನೂಸ್ ಎಂಬ ತಂಬಾಕನ್ನು ಮೇಲ್ದುಟಿಯಡಿ ಇಟ್ಟುಕೊಳ್ಳುವ ರೂಢಿಯಿದೆ, ಅದನ್ನೂ ಬಿಡಿಸುತ್ತೇವೆ. ಆದರೆ ದಿನಾ ಬೆಳಿಗ್ಗೆ ಕಪಾಲಭಾತಿ ಮಾಡುವವರಿಗೆ ಏನು ಹೇಳಬೇಕೆಂದು ಯಾವ ಚೀಟಿಯಲ್ಲೂ ಇಲ್ಲ. ನಮ್ಮವರೊಬ್ಬರು ಐದನೆಯ ದಿನದಿಂದಲೇ ಶುರುಮಾಡಿದ್ದರು. "ವ್ಯಾಯಾಮ ಬೇಡ ಅಂದಿದ್ರಿ, ಪ್ರಾಣಾಯಾಮ ಬೇಡ ಅನ್ನಲಿಲ್ಲವಲ್ಲ" ಎಂದರು. ಅವರ ಮಾತು ಸರಿಯಾಗಿತ್ತು. ಈಗ ಕಪಾಲಭಾತಿ, ಜಲನೇತಿ, ನಶ್ಯ, ಶಂಖ ಊದುವುದು, ಎಲ್ಲವನ್ನೂ ಹೆಸರಿಟ್ಟು ಹೇಳುತ್ತೇನೆ. ಊರಿಗೆ ವಿಮಾನದ ಟಿಕೆಟ್ ಆಗಿದೆಯೇ ಎಂದೂ ಕೇಳುತ್ತೇನೆ. ಕನಿಷ್ಠ ಎರಡು ವಾರ ಹಾರಾಟ ಬೇಡ.

6. ಮೂಳೆಗೆ ಅದರ ಕಾಲ ಕೊಡಬೇಕು.

ಟೈಟೇನಿಯಂ ಮೂಳೆಗೆ ಬೆಸೆದುಕೊಳ್ಳುತ್ತದೆಂದು ಸ್ವೀಡಿಷ್ ಸಂಶೋಧಕ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಗಮನಿಸಿದ್ದು 1952ರಲ್ಲಿ, ಲುಂಡ್ ನಗರದಲ್ಲಿ, ಮೊಲದ ಕಾಲಿನ ಮೂಳೆಯಲ್ಲಿ ರಕ್ತಸಂಚಾರ ನೋಡುವಾಗ. ಮೊದಲ ರೋಗಿ ಯೋಸ್ತಾ ಲಾರ್ಸನ್‌ಗೆ ಗೋಥೆನ್‌ಬರ್ಗ್‌ನಲ್ಲಿ ಇಂಪ್ಲಾಂಟ್ ಹಾಕಿದ್ದು 1965ರಲ್ಲಿ. 2006ರಲ್ಲಿ ಲಾರ್ಸನ್ ತೀರಿಕೊಳ್ಳುವವರೆಗೂ ಆ ಇಂಪ್ಲಾಂಟ್‌ಗಳು ಕೆಲಸ ಮಾಡಿದವು. ಅಷ್ಟು ವರ್ಷ ಬಾಳಿದ್ದರ ಹಿಂದೆ ತಿಂಗಳುಗಟ್ಟಲೆ ಭಾರ ಹಾಕದೆ ಕಾದ ತಾಳ್ಮೆಯಿತ್ತು.

ಮೂಳೆ ತೀರಾ ಕಡಿಮೆಯಿದ್ದಾಗ ಸೈನಸ್ ಎತ್ತಿ ಆರು ತಿಂಗಳ ಆಸುಪಾಸು ಕಾದು, ಆಮೇಲೆ ಇಂಪ್ಲಾಂಟ್; ಹಲ್ಲು ಕೂರಿಸಲು ಮತ್ತೆ ಕೆಲವು ತಿಂಗಳು. ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗಿ ಮೂರೇ ವಾರದಲ್ಲಿ ಎಲ್ಲ ಮುಗಿಸಬಹುದೇ ಎಂದು ನಮ್ಮವರು ಕೇಳುತ್ತಾರೆ. ಬೆಂಗಳೂರಿನಲ್ಲಿ ಪಳಗಿದ ಕೈಗಳು ಬೇಕಾದಷ್ಟಿವೆ, ಅದರಲ್ಲಿ ಅನುಮಾನವಿಲ್ಲ. ಮೂಳೆ ಬೆಳೆಯುವ ವೇಗ ಮಾತ್ರ ಎರಡೂ ಊರಲ್ಲಿ ಒಂದೇ. ಅಲ್ಲಿ ಮಾಡಿಸುವುದಾದರೆ ಒಂದಕ್ಕಿಂತ ಹೆಚ್ಚು ರಜೆಗಳಿಗೆ ಹಂಚಿಕೊಳ್ಳಿ. ಇಂಪ್ಲಾಂಟಿನ ಕಂಪನಿ, ಅಳತೆ, ಸ್ಕ್ಯಾನ್ ಫೈಲು ತಪ್ಪದೆ ತನ್ನಿ. ಇಲ್ಲದಿದ್ದರೆ ಸ್ಕ್ರೂ ಸಡಿಲವಾದಾಗ ಯಾವ ಕೀಲಿಯಿಂದ ತಿರುಗಿಸಬೇಕೆಂದೇ ನಮಗೆ ಗೊತ್ತಾಗುವುದಿಲ್ಲ.

7. ಕೆಲವರ ಸೈನಸ್ ಮುಟ್ಟದಿರುವುದೇ ಸರಿ.

ಕೈ ಪಳಗಿದ ಹೊತ್ತಿನಲ್ಲಿ ಖಾಲಿ ಜಾಗ ಕಂಡಲ್ಲೆಲ್ಲ ಲಿಫ್ಟ್ ಮಾಡಬೇಕೆನ್ನಿಸುತ್ತಿತ್ತು. ಆದರೆ ಬೇರೆ ದಾರಿಗಳೂ ಇವೆ: ಆರು ಮಿಲಿಮೀಟರಿನ ಗಿಡ್ಡ ಇಂಪ್ಲಾಂಟ್ ಇದೆ, ಬ್ರಿಡ್ಜ್ ಇದೆ, ಸುಮ್ಮನೆ ಬಿಡುವುದೂ ಇದೆ. ಹಣದ ಮಾತನ್ನೂ ಆಡಬೇಕು. ಇಲ್ಲಿ 2008ರಿಂದ ಇರುವ ಸಾಮಾನ್ಯ ವ್ಯವಸ್ಥೆಯಂತೆ, ನೆರವಿಗೆ ಅರ್ಹವಾದ ಚಿಕಿತ್ಸೆ ಹನ್ನೆರಡು ತಿಂಗಳಲ್ಲಿ 3,000 ಕ್ರೋನಾ ದಾಟಿದ ಮೇಲೆ 15,000ದವರೆಗೆ ಅರ್ಧವನ್ನೂ ಅದರಾಚೆಗೆ ಶೇ. 85ನ್ನೂ ಸರ್ಕಾರ ಭರಿಸುತ್ತದೆ. ಲೆಕ್ಕ ಹಾಕುವುದು ಸರ್ಕಾರದ ಉಲ್ಲೇಖ ದರದ ಮೇಲೆ. ಕ್ಲಿನಿಕ್ಕಿನ ದರ ಹೆಚ್ಚಿದ್ದರೆ ಆ ವ್ಯತ್ಯಾಸ ರೋಗಿಯದು. ಎಲ್ಲ ಖಾಲಿ ಜಾಗಕ್ಕೂ ನೆರವು ಸಿಗುವುದಿಲ್ಲ. ಅಂದಾಜು ಖರ್ಚನ್ನು ಬರೆದು ಕೊಡಿ ಎಂದು ಕೇಳಲು ಸಂಕೋಚ ಬೇಡ.

ಮಗನ ಮನೆಗೆಂದು ಶಿವಮೊಗ್ಗದಿಂದ ಬಂದಿದ್ದ ಹಿರಿಯರೊಬ್ಬರನ್ನು ಮಗ ಕರೆತಂದಿದ್ದರು. ಸಂದರ್ಶಕರಿಗೆ ಈ ನೆರವಿಲ್ಲ, ಎಷ್ಟಾದರೂ ಸರಿ ಎರಡು ಇಂಪ್ಲಾಂಟ್ ಹಾಕಿಬಿಡಿ ಎಂದರು ಮಗ. ಊಟಕ್ಕೆ ಏನು ತೊಂದರೆಯೆಂದು ತಂದೆಯನ್ನೇ ಕೇಳಿದೆ. "ಚಕ್ಲಿ ಕಡೀತೀನಿ ಕಣಮ್ಮ, ಈ ಕೆಳಗಿನ ಒಸಡಲ್ಲಿ ರಕ್ತ ಬರೋದೇ ತೊಂದ್ರೆ" ಎಂದರು. ಒಸಡನ್ನು ಸ್ವಚ್ಛ ಮಾಡಿ, ಹಲ್ಲುಗಳ ಸಂದಿಗೆ ಹಾಕುವ ಸಣ್ಣ ಬ್ರಷ್ ಹಿಡಿಯುವುದನ್ನು ಕನ್ನಡಿಯ ಮುಂದೆ ಕಲಿಸಿ ಕಳಿಸಿದೆ.