ಬಿಸಿಲ ವಿದ್ಯುಚ್ಛಕ್ತಿಯನ್ನು ಕೂಡಿಡುವುದರ ಮಿತಿಯೂ ತೋಟದ ನೀರಾವರಿಯೂ

ಬಿಸಿಲಿನಿಂದಲೂ ಗಾಳಿಯಿಂದಲೂ ವಿದ್ಯುಚ್ಛಕ್ತಿಯನ್ನು ಪಡೆಯುವುದು ನಮ್ಮ ರಾಜ್ಯದಲ್ಲಿ ಹೊಸ ಸಂಗತಿಯಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ೨,೦೫೦ ಮೆಗಾವಾಟಿನ ಸೌರ ಸ್ಥಾವರವು ೨೦೧೯ರಲ್ಲಿ ಪೂರ್ಣಗೊಂಡಿತು. ಚಿತ್ರದುರ್ಗ, ಗದಗ ಜಿಲ್ಲೆಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಲಿವೆ. ಇವನ್ನು ಕಂಡ ಗ್ರಾಮದ ಮುಖ್ಯಸ್ಥರೂ ಭೂಮಾಲಿಕರೂ ಎರಡು ಪ್ರಶ್ನೆಗಳನ್ನು ಕೇಳುವುದುಂಟು: ಹಗಲಿನ ಶಕ್ತಿಯನ್ನು ಬ್ಯಾಟರಿಯಲ್ಲಿ ತುಂಬಿ ರಾತ್ರಿಗೆ ಬಳಸಬಾರದೇಕೆ? ಬೇಸಗೆಯ ಬಿಸಿಲನ್ನು ಆಟಿಯ ಮಳೆಗಾಲಕ್ಕೆ ಕೂಡಿಡಬಾರದೇಕೆ? ಎರಡೂ ಒಂದೇ ಪ್ರಶ್ನೆಯೆಂದು ತೋರುವುದಾದರೂ ಇವುಗಳ ಲೆಕ್ಕವು ಬೇರೆ ಬೇರೆ.

ಭತ್ತದ ಕಣಜವನ್ನು ವರ್ಷಕ್ಕೊಮ್ಮೆ ತುಂಬಿ ಒಮ್ಮೆ ಬರಿದುಮಾಡಿದರೂ ನಷ್ಟವಿಲ್ಲ; ಏಕೆಂದರೆ ಕಣಜದ ಬೆಲೆಯು ಅದರೊಳಗಿನ ಭತ್ತದ ಬೆಲೆಗಿಂತ ಬಹಳ ಕಡಿಮೆ. ಬ್ಯಾಟರಿಯ ಸಂಗತಿ ಇದಕ್ಕೆ ವಿರುದ್ಧ. ಇಲ್ಲಿ ಕಣಜವೇ ದುಬಾರಿ, ಧಾನ್ಯವು ಅಗ್ಗ. ಪ್ರತಿದಿನ ಮಧ್ಯಾಹ್ನ ತುಂಬಿ ಸಂಜೆ ಬರಿದುಮಾಡುವ ಬ್ಯಾಟರಿಯು ವರ್ಷಕ್ಕೆ ೩೬೫ ಸಲ ದುಡಿಯುವುದು. ಅದರ ಬೆಲೆಯು ಅಷ್ಟು ಸಲಕ್ಕೆ ಹಂಚಿಹೋಗುವುದು. ಮಾರ್ಚಿಯಲ್ಲಿ ತುಂಬಿ ಜುಲೈಯಲ್ಲಿ ಬಳಸತಕ್ಕ ಬ್ಯಾಟರಿಯು ವರ್ಷಕ್ಕೆ ಒಂದೇ ಸಲ ದುಡಿಯುವುದರಿಂದ ಅದರ ಇಡೀ ವರ್ಷದ ವೆಚ್ಚವನ್ನು ಆ ಒಂದು ತುಂಬುವಿಕೆಯೇ ಹೊರಬೇಕು. ಇದಲ್ಲದೆ ಬ್ಯಾಟರಿಯು ವರ್ಷವರ್ಷವೂ ಸವೆಯುವುದು. ಆದುದರಿಂದ ವಿದ್ಯುಜ್ಜಾಲಕ್ಕೆ ಸೇರಿಸುವ ದೊಡ್ಡ ಬ್ಯಾಟರಿಗಳನ್ನು ಸಹ ಕೆಲವೇ ಗಂಟೆಗಳ ಉಪಯೋಗಕ್ಕಾಗಿ ಕಟ್ಟುತ್ತಾರೆ. ಹತ್ತು ದಿನ ಮೋಡ ಮುಸುಕಿದರೆ ಮೊದಲ ರಾತ್ರಿಯೇ ಅವು ಬರಿದು.

ನೀರನ್ನು ಎತ್ತರಕ್ಕೇರಿಸಿ, ಬೇಕಾದಾಗ ಇಳಿಸಿ ಯಂತ್ರವನ್ನು ತಿರುಗಿಸುವುದು ಇನ್ನೊಂದು ವಿಧಾನ. ಇದರಲ್ಲಿ ೪ ಯೂನಿಟ್ ವೆಚ್ಚಮಾಡಿದರೆ ಸುಮಾರು ೩ ಯೂನಿಟ್ ಹಿಂದಕ್ಕೆ ಬರುವುದು. ಒಂದೇ ಯೂನಿಟ್ಟನ್ನು ಕೂಡಿಡಬೇಕಾದರೆ, ಸೋರಿಕೆ ಏನೂ ಇಲ್ಲದಿದ್ದರೂ, ೧,೦೦೦ ಲೀಟರು ನೀರನ್ನು ೩೬೭ ಮೀಟರು ಮೇಲಕ್ಕೆ ಎತ್ತತಕ್ಕದ್ದು. ಘಟ್ಟದಂತಹ ಎತ್ತರವೂ ಅದರ ಮೇಲೂ ಕೆಳಗೂ ಒಂದೊಂದು ಜಲಾಶಯವೂ ಇರುವಲ್ಲಿ ಮಾತ್ರ ಇದು ಸಾಧ್ಯ. ಶರಾವತಿಯ ತಲಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ ೨,೦೦೦ ಮೆಗಾವಾಟಿನ ಇಂತಹ ಸ್ಥಾವರವನ್ನು ಯೋಜಿಸಿರುವುದು ಇದರಿಂದಲೇ. ಆ ಕಣಿವೆಯು ಸಿಂಗಳೀಕಗಳ ಅಭಯಾರಣ್ಯವಾದ ಕಾರಣ ಯೋಜನೆಗೆ ಬಲವಾದ ವಿರೋಧವೂ ಬಂದಿದೆ. ಸ್ಥಳವೆಂಬುದೂ ಒಂದು ಮಿತಿ. ಹಣವೊಂದರಿಂದ ಅದು ನೀಗತಕ್ಕದ್ದಲ್ಲ.

ಋತುವಿನಿಂದ ಋತುವಿಗೆ ಶಕ್ತಿಯನ್ನು ಸಾಗಿಸುವ ನಿಜವಾದ ಕಣಜ ನಮ್ಮಲ್ಲಿ ಮೊದಲೇ ಇದೆ. ೧೯೬೪ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯವು ಸುಮಾರು ೧೫೧ ಟಿ.ಎಂ.ಸಿ. ನೀರನ್ನು ಹಿಡಿಯುವುದು, ಮಳೆಗಾಲದ ನೀರು ಬೇಸಗೆಯ ವಿದ್ಯುತ್ತಾಗುವುದು ಅಲ್ಲಿ. ಅದನ್ನು ತುಂಬುವವನು ಮಳೆರಾಯನೇ ಹೊರತು ಎಂಜಿನಿಯರನಲ್ಲ. ೨೦೨೩ರಲ್ಲಿ ಮುಂಗಾರು ಕೈಕೊಟ್ಟಾಗ ಜಲಾಶಯಗಳು ತುಂಬಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ನೀರಾವರಿ ಪಂಪುಗಳಿಗೆ ೭ ಗಂಟೆಗಳ ಬದಲು ೫ ಗಂಟೆ ವಿದ್ಯುತ್ ಕೊಡುವಂತಾದುದು ಓದುಗರಿಗೆ ನೆನಪಿರಬಹುದು.

ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳಿಗೆ ಒಂದು ಅನುಕೂಲವುಂಟು. ಸೂರ್ಯನು ಮರೆಯಾಗುವ ಮಳೆಗಾಲದಲ್ಲಿ ತೋಟಕ್ಕೆ ನೀರು ಬೇಡ. ನೀರು ಬೇಕಾದ ದಶಂಬರದಿಂದ ಮೇವರೆಗೆ ಬಿಸಿಲಿಗೆ ಕೊರತೆಯಿಲ್ಲ. ಆದುದರಿಂದ ರಾತ್ರಿಯ ಪಂಪಿಗಾಗಿ ಬ್ಯಾಟರಿ ಕೊಳ್ಳಬೇಕೆಂಬವರು ಮೊದಲು ಈ ಲೆಕ್ಕವನ್ನು ನೋಡತಕ್ಕದ್ದು. ೫ ಅಶ್ವಶಕ್ತಿಯ ಪಂಪು ೫ ಗಂಟೆ ನಡೆದರೆ ೨೦ ಯೂನಿಟ್ಟಿಗೆ ಮೇಲ್ಪಟ್ಟು ಬೇಕು. ಅಷ್ಟನ್ನು ಕೂಡಿಡುವ ಬ್ಯಾಟರಿಗೆ ತೆರುವ ಹಣವು ಪಂಪಿನ ಬೆಲೆಯನ್ನು ಬಹಳ ಮೀರುವುದು. ಇನ್ನು, ತೋಟಕ್ಕಿಂತ ೧೦ ಮೀಟರು ಎತ್ತರದಲ್ಲಿ ೧,೦೦,೦೦೦ ಲೀಟರಿನ ತೊಟ್ಟಿ ಕಟ್ಟಿದರೆ, ವಿದ್ಯುತ್ತಿನ ಲೆಕ್ಕದಲ್ಲಿ ಅದರೊಳಗೆ ಇರುವುದು ೩ ಯೂನಿಟ್ಟಿಗೂ ಕಡಿಮೆ! ನೀರಿನ ಲೆಕ್ಕದಲ್ಲಾದರೋ, ಮರವೊಂದಕ್ಕೆ ೧೭೫ ಲೀಟರಿನಂತೆ ೫೦೦ಕ್ಕೂ ಹೆಚ್ಚು ಅಡಿಕೆ ಮರಗಳ ಒಂದು ಸರದಿಯ ನೀರಾವರಿ ಅದರಲ್ಲಿದೆ. ವಿದ್ಯುತ್ತನ್ನು ಕೂಡಿಡುವ ಬದಲು ವಿದ್ಯುತ್ತು ಮಾಡಬೇಕಾದ ಕೆಲಸವನ್ನೇ ಹಗಲಿನಲ್ಲಿ ಮಾಡಿಸಿ ಕೂಡಿಡುವುದು ಲೇಸೆಂದು ನನ್ನ ಅಭಿಪ್ರಾಯ. ಹತ್ತು ಮೀಟರಿನ ಇಳಿಜಾರು ಹನಿ ನೀರಾವರಿಗೆ ಸಾಕಷ್ಟು ಒತ್ತಡ ಕೊಡುವುದು. ನಡುರಾತ್ರಿ ಲಾಂದ್ರ ಹಿಡಿದು, ಹಾವಿಗೆ ಹೆದರುತ್ತ ಪಂಪಿನ ಬಳಿಗೆ ಹೋಗುವ ಕಷ್ಟವೂ ತಪ್ಪುವುದು.

ಮನೆಯ ದೀಪ, ಹಾಲಿನ ಶೀತಕ ಮೊದಲಾದ ಅಲ್ಪ ಬಳಕೆಗೆ ಬ್ಯಾಟರಿಯು ಯೋಗ್ಯವೇ. ಕೊಳ್ಳುವಾಗ ಎಷ್ಟು ಸಲ ತುಂಬಿ ಬರಿದುಮಾಡಿದರೂ ಬಾಳುವುದೆಂಬುದನ್ನು ಬರಹದಲ್ಲಿ ಪಡೆಯಬೇಕು.

ಮುರಕಲ್ಲಿನ ಗುಡ್ಡದಲ್ಲಿ ಅಗೆದ ತೊಟ್ಟಿಯು ಸೋರುವುದರಿಂದ ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸತಕ್ಕದ್ದು. ಹಾಸುವ ಮೊದಲು ಮೊನಚು ಕಲ್ಲುಗಳನ್ನು ತೆಗೆದು ಜರಡಿಮಣ್ಣು ಹರಡಬೇಕು. ಹಾಳೆಯ ದಡವು ಬಹಳ ಜಾರುವುದರಿಂದ ಮಕ್ಕಳೂ ದನಗಳೂ ಬೀಳದಂತೆ ಸುತ್ತಲೂ ಬೇಲಿಯನ್ನೂ, ಬಿದ್ದವರು ಹಿಡಿದು ಮೇಲೇರಲು ನಾಲ್ಕು ಕಡೆ ಗಂಟುಹಾಕಿದ ಹಗ್ಗವನ್ನೂ ಕಟ್ಟಿಡತಕ್ಕದ್ದು.