ಬೇರೆ ರಾಜ್ಯದ ಟಿಕೆಟ್ಟು

ಓದಲಿಕ್ಕೋ ಕೆಲಸಕ್ಕೋ ಅಮೆರಿಕಕ್ಕೆ ಬಂದು ಹೊಸದಾಗಿ ಕಾರು ಕೊಂಡ ನಮ್ಮ ಹುಡುಗ ಹುಡುಗಿಯರೇ, ಒಂದು ಮಾತು ಕೇಳಿಸಿಕೊಳ್ಳಿ. ಊರೂರು ಸುತ್ತುವಾಗ ಪೊಲೀಸರು ನಿಲ್ಲಿಸಿ ಕೊಟ್ಟ ಟಿಕೆಟ್ಟನ್ನು ‘ಬೇರೆ ರಾಜ್ಯದ್ದು ತಾನೇ, ಯಾರು ಕೇಳ್ತಾರೆ’ ಎಂದು ಮೂಲೆಗೆ ಹಾಕಬೇಡಿ. ಖಂಡಿತ ಕೇಳುತ್ತಾರೆ.

ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರವಲ್ಲ, ಒಂದೊಂದು ರಾಜ್ಯವೂ ತಾನೇ ಕೊಡುತ್ತದೆ. ಒಂದು ಕಡೆ ತಪ್ಪು ಮಾಡಿದವನು ಇನ್ನೊಂದು ಕಡೆ ಸಾಚಾ ಎನಿಸಿಕೊಳ್ಳಬಾರದೆಂದು 1960ರ ದಶಕದ ಆರಂಭದಲ್ಲೇ ರಾಜ್ಯಗಳು ‘ಡ್ರೈವರ್ ಲೈಸೆನ್ಸ್ ಕಾಂಪ್ಯಾಕ್ಟ್’ ಎಂಬ ಒಪ್ಪಂದಕ್ಕೆ ಬಂದವು. ಈಗ ಬಹುಪಾಲು ರಾಜ್ಯಗಳು ಅದರಲ್ಲಿವೆ. ಮಿಶಿಗನ್, ವಿಸ್ಕಾನ್ಸಿನ್‌ನಂಥ ಕೆಲವು ಸೇರಿಲ್ಲ ನಿಜ, ಆದರೆ ಅವೂ ಮಾಹಿತಿ ಹಂಚಿಕೊಳ್ಳುತ್ತವೆ. ಕುಡಿದು ಓಡಿಸಿದ್ದು, ಜನರಿಗೆ ಗುದ್ದಿ ಓಡಿಹೋದದ್ದು ಇಂಥವನ್ನು ನಿಮ್ಮ ರಾಜ್ಯ ತನ್ನ ನೆಲದಲ್ಲೇ ನಡೆದಂತೆ ಕಾಣುತ್ತದೆ. ಕುಡಿದು ಸಿಕ್ಕಿಬಿದ್ದರೆ ವೀಸಾ ಕೂಡ ರದ್ದಾಗಬಹುದು.

ಸಣ್ಣ ತಪ್ಪುಗಳಲ್ಲಿ ಲೆಕ್ಕ ರಾಜ್ಯಕ್ಕೊಂದು ಬಗೆ. ಹೊರಗೆ ವೇಗವಾಗಿ ಓಡಿಸಿ ಸಿಕ್ಕಿಬಿದ್ದರೆ ನ್ಯೂಜೆರ್ಸಿ ತಾನು ಕೊಟ್ಟ ಲೈಸೆನ್ಸಿನ ದಾಖಲೆಯಲ್ಲಿ 2 ಪಾಯಿಂಟ್, ಅಂದರೆ ತಪ್ಪಿನ ಅಂಕ, ಬರೆದುಕೊಳ್ಳುತ್ತದೆ. ನ್ಯೂಯಾರ್ಕ್ ಬೇರೆ ರಾಜ್ಯಗಳ ಇಂಥ ತಪ್ಪಿಗೆ ಪಾಯಿಂಟ್ ಹಾಕುವುದಿಲ್ಲ, ಕೆನಡಾದ ಒಂಟಾರಿಯೊ, ಕ್ವಿಬೆಕ್‌ಗಳಲ್ಲಿ ಮಾಡಿದ್ದಕ್ಕೆ ಮಾತ್ರ ಹಾಕುತ್ತದೆ! ಆದ್ದರಿಂದ ಗೆಳೆಯನಿಗೆ ಏನೂ ಆಗಲಿಲ್ಲವೆಂದು ನೀವೂ ಸುಮ್ಮನಿರಬೇಡಿ. ಅವನ ಲೈಸೆನ್ಸ್ ಯಾವ ರಾಜ್ಯದ್ದೆಂದು ಮೊದಲು ಕೇಳಿ.

ವರ್ಜೀನಿಯಾದಲ್ಲಂತೂ ಮೈಯೆಲ್ಲ ಕಣ್ಣಾಗಿರಿ. ಅಲ್ಲಿ ಗಂಟೆಗೆ 85 ಮೈಲಿ ದಾಟಿದರೆ, ಇಲ್ಲವೇ ಮಿತಿಗಿಂತ 20 ಮೈಲಿ ಹೆಚ್ಚಾದರೆ ಅದು ಬರಿಯ ಟಿಕೆಟ್ಟಲ್ಲ, ಕ್ರಿಮಿನಲ್ ಕೇಸು. 12 ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ಅಂಥದ್ದಾದರೆ ಆ ಊರಿನ ವಕೀಲರನ್ನೇ ಹಿಡಿಯಿರಿ.

ಇನ್ನೊಂದು ಸಂಗತಿ ನಮ್ಮವರಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ದಂಡ ಕಟ್ಟಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ದಂಡ ಕಟ್ಟಿದಿರೆಂದರೆ ತಪ್ಪು ಒಪ್ಪಿಕೊಂಡ ಹಾಗೆ. ನಿಮ್ಮ ರಾಜ್ಯಕ್ಕೆ ವರದಿಯಾಗಿ ಹೋಗುವುದೂ ಅದೇ, ಮುಂದೆ ವಿಮೆಯ ಕಂತು ಏರುವುದೂ ಅದರಿಂದಲೇ. ತಪ್ಪಿಲ್ಲವೆನಿಸಿದರೆ ಕಟ್ಟುವ ಮೊದಲೇ ನ್ಯಾಯಾಲಯದಲ್ಲಿ ಹೇಳಿಕೊಳ್ಳಿ.

ಏನೂ ಮಾಡದೆ ಕೂರುವುದು ಮಾತ್ರ ಎಲ್ಲಕ್ಕಿಂತ ಕೆಟ್ಟದ್ದು. ಅದಕ್ಕೆಂದೇ 1977ರಿಂದ ಇನ್ನೊಂದು ಒಪ್ಪಂದವಿದೆ. ಅದರಂತೆ, ಹೊರರಾಜ್ಯದ ಟಿಕೆಟ್ಟಿಗೆ ಉತ್ತರಿಸದವರ ಲೈಸೆನ್ಸನ್ನು ಅವರ ಸ್ವಂತ ರಾಜ್ಯವೇ ಅಮಾನತಿನಲ್ಲಿಡುತ್ತದೆ. ಕೆಲಸ ಬದಲಾಯಿಸಿ ಬೇರೆ ರಾಜ್ಯಕ್ಕೆ ಹೋದರೂ ಬಿಡುಗಡೆಯಿಲ್ಲ. ಹೊಸ ಲೈಸೆನ್ಸ್ ಕೊಡುವ ಮುನ್ನ ರಾಷ್ಟ್ರೀಯ ಚಾಲಕರ ದಾಖಲೆಯನ್ನು ತೆಗೆದು ನೋಡುತ್ತಾರೆ.

ನೋಟಿಸು ಹೋಗುವುದು ಲೈಸೆನ್ಸ್ ಕಚೇರಿಯಲ್ಲಿ ನೀವು ಬರೆಸಿದ ವಿಳಾಸಕ್ಕೆ. ಮನೆ ಬದಲಾಯಿಸಿದ ವಾರದೊಳಗೇ ಅದನ್ನೂ ಬದಲಾಯಿಸಿ. ದಂಡ ಕಟ್ಟಿದ ರಸೀದಿ, ಕೇಸು ಮುಗಿದ ಪತ್ರ ಎರಡನ್ನೂ ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡಿರಿ.